ಹತ್ತು ಚಕ್ರದ ಟಿಪ್ಪರ್‌ಗೆ ಎಷ್ಟು ತುಂಬಬಹುದು? ನನ್ನ ಅನುಭವ

ಮಳವಳ್ಳಿ ಕಡೆಯ ಕ್ರಷರ್‌ನಿಂದ ಮೈಸೂರಿಗೆ ಎಂ-ಸ್ಯಾಂಡ್, ಅಂದರೆ ಕಲ್ಲು ಪುಡಿ ಮಾಡಿದ ಮರಳು, ಹೊಡೆಯುವುದು ನನ್ನ ಕೆಲಸ. ಸ್ವಂತದ್ದು ಒಂದೇ ಟಿಪ್ಪರ್, ಹತ್ತು ಚಕ್ರದ್ದು. ಶುರುವಿನಲ್ಲಿ ನಾನು ಯೂನಿಟ್ ಲೆಕ್ಕದಲ್ಲೇ ತುಂಬಿಸುತ್ತಿದ್ದೆ. ಒಂದು ಯೂನಿಟ್ ಅಂದರೆ ನೂರು ಘನ ಅಡಿ. ನಾಲ್ಕು ಯೂನಿಟ್ ಅಂದರೆ ನಾಲ್ಕು ಯೂನಿಟ್, ತೂಕದ ಯೋಚನೆಯೇ ಇರಲಿಲ್ಲ.

ಒಂದು ಮಳೆಗಾಲದಲ್ಲಿ ಬನ್ನೂರು ದಾಟಿದ ಮೇಲೆ ಗಾಡಿ ನಿಲ್ಲಿಸಿ ತೂಕ ಮಾಡಿಸಿದರು. 31,500 ಕೆಜಿ ಬಂತು. ಆರ್‌ಸಿಯಲ್ಲಿ ಗಾಡಿ, ಮಾಲು ಎಲ್ಲ ಸೇರಿ ಇರುವುದು 28,500. ಮೂರು ಟನ್ ಜಾಸ್ತಿ. ಮೋಟಾರು ವಾಹನ ಕಾಯ್ದೆಯ 194ನೇ ಕಲಂ ಪ್ರಕಾರ ಮೊದಲು 20,000 ರೂಪಾಯಿ, ಆಮೇಲೆ ಜಾಸ್ತಿಯಾದ ಪ್ರತಿ ಟನ್ನಿಗೆ 2,000. ಒಟ್ಟು 26,000. ಆ ಲೋಡಿನ ಬಾಡಿಗೆ ಇದರ ಕಾಲು ಭಾಗವೂ ಇರಲಿಲ್ಲ. ಅಷ್ಟಕ್ಕೇ ಮುಗಿಯಲಿಲ್ಲ. ಜಾಸ್ತಿ ಇದ್ದ ಮಾಲು ಇಳಿಸದೆ ಗಾಡಿ ಕದಲುವಂತಿಲ್ಲ. ಸುರಿಯುವ ಮಳೆಯಲ್ಲಿ ಟ್ರ್ಯಾಕ್ಟರ್ ಹುಡುಕಿ, ಆಳು ಕರೆದು, ಮೂರು ಟನ್ ಎತ್ತಿ ಹಾಕಿಸಿದೆ. ಆ ಖರ್ಚೂ ನನ್ನದೇ.

ಆಗ ನನ್ನ ಡ್ರೈವರ್, 'ಅಣ್ಣ, ತುಂಬಿಸಿಕೊಂಡವನು ನಾನಲ್ವಾ, ತಪ್ಪು ನಂದೇ ಅಂತ ಹೇಳಿಬಿಡ್ತೀನಿ' ಅಂದ. ಅವನ ಒಳ್ಳೇತನ ಅದು. ಆದರೆ ಕಾನೂನು ಹಾಗಿಲ್ಲ. ಡ್ರೈವರ್ ಬೇರೆ, ಮಾಲೀಕ ಬೇರೆ ಇದ್ದರೆ, ಮಾಲೀಕನಿಗೆ ಗೊತ್ತಿದ್ದೇ ಇಲ್ಲವೇ ಅವನು ಹೇಳಿಯೇ ಇದು ನಡೆದಿದೆ ಎಂದು ಕೋರ್ಟು ಭಾವಿಸಬಹುದು. 113ನೇ ಕಲಂನಲ್ಲೇ ಇದೆ. ಅದಿಲ್ಲದಿದ್ದರೂ ಸಂಬಳಕ್ಕೆ ದುಡಿಯುವವನ ತಲೆಗೆ ಕಟ್ಟಲು ನನಗೆ ಮನಸ್ಸಿರಲಿಲ್ಲ.

'ಎಕ್ಸ್ಟ್ರಾ ತೂಕಕ್ಕೆ ಪರ್ಮಿಟ್ ಮಾಡಿಸಿಕೊಳ್ಳಿ' ಎಂದು ಒಬ್ಬ ಕಂಟ್ರಾಕ್ಟರ್ ಸಲಹೆ ಕೊಟ್ಟರು. ವಿಚಾರಿಸಿದೆ. ಅಂಥ ಪರ್ಮಿಟ್ ಮರಳಿಗಿಲ್ಲ, ಜಲ್ಲಿಗಿಲ್ಲ, ಭತ್ತಕ್ಕಿಲ್ಲ, ಕಬ್ಬಿಗೂ ಇಲ್ಲ. ಇವನ್ನೆಲ್ಲ ಎರಡು ಗಾಡಿಗೆ ಹಂಚಿ ಸಾಗಿಸಬಹುದಲ್ವಾ? ವಿಶೇಷ ಅನುಮತಿ ಇರುವುದು ತುಂಡು ಮಾಡಲಾಗದ ಮಾಲಿಗೆ. ದೊಡ್ಡ ಟ್ರಾನ್ಸ್‌ಫಾರ್ಮರ್, ಸೇತುವೆಯ ಗರ್ಡರ್, ಇಂಥವು. ಅದಕ್ಕೂ ಸಾಲು ಸಾಲು ಆಕ್ಸಲ್ (ಎರಡೂ ಬದಿಯ ಚಕ್ರ ಕೂರುವ ಅಚ್ಚು) ಇರುವ ಟ್ರೇಲರ್ ಬೇಕು, ಹೋಗುವ ದಾರಿ ಮೊದಲೇ ತಿಳಿಸಬೇಕು. ನ್ಯಾಷನಲ್ ಪರ್ಮಿಟ್ ಬೇರೆ ರಾಜ್ಯಕ್ಕೆ ಹೋಗಲು, ತೂಕಕ್ಕೂ ಅದಕ್ಕೂ ಸಂಬಂಧವಿಲ್ಲ. ಹಿಂದೆ ಕೆಲವು ರಾಜ್ಯಗಳು ಮೊದಲೇ ದುಡ್ಡು ಕಟ್ಟಿಸಿಕೊಂಡು ಓವರ್‌ಲೋಡಿಗೆ ಕಾರ್ಡ್ ಕೊಡುತ್ತಿದ್ದವು. 2005ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ನಿಲ್ಲಿಸಿತು. ಈಗಲೂ ಯಾರಾದರೂ ಕಾರ್ಡ್ ಮಾಡಿಸಿಕೊಡುತ್ತೇನೆ ಎಂದರೆ ದಯವಿಟ್ಟು ನಂಬಬೇಡಿ.

ಇನ್ನು ನನಗೆ ನಿಜವಾಗಿ ಉಪಯೋಗವಾದ ವಿಷಯ. 2018ರ ಜುಲೈಯಲ್ಲಿ ಕೇಂದ್ರ ಸರ್ಕಾರ ಆಕ್ಸಲ್ ತೂಕದ ಮಿತಿ ಏರಿಸಿತು. ಮುಂದಿನ ಆಕ್ಸಲ್ಲಿಗೆ 6 ಟನ್ ಇದ್ದದ್ದು 7.5 ಆಯಿತು. ಹಿಂದಿನ ಜೋಡಿ ಆಕ್ಸಲ್ಲಿಗೆ 19 ಇದ್ದದ್ದು 21. ಹಾಗಾಗಿ ಹತ್ತು ಚಕ್ರದ ಗಾಡಿಗೆ 25 ಟನ್ ಹೋಗಿ 28.5 ಬಂತು. ಇದು ಗಾಡಿಯೂ ಸೇರಿದ ತೂಕ. ನಿಮ್ಮ ಗಾಡಿಗೆ ಎಷ್ಟು ಅನ್ನುವುದನ್ನು ಮಾತ್ರ ನಿಮ್ಮ ಆರ್‌ಸಿಯಲ್ಲೇ ನೋಡಿ.

ಟ್ಯಾಂಕ್ ತುಂಬ ಡೀಸೆಲ್ ಹಾಕಿಸಿ, ಡ್ರೈವರ್, ಕ್ಲೀನರ್ ಇಬ್ಬರನ್ನೂ ಕೂರಿಸಿ ಖಾಲಿ ಗಾಡಿ ತೂಕ ಮಾಡಿಸಿದೆ. 11,200 ಬಂತು. ಡೀಸೆಲ್ಲೇ 300 ಲೀಟರಿಗೆ ಸುಮಾರು 250 ಕೆಜಿ ತೂಗುತ್ತದೆ. ಅಲ್ಲಿಗೆ ನಾನು ಹಾಕಬಹುದಾದ ಮಾಲು 17,300 ಕೆಜಿ. ಒಂದು ಯೂನಿಟ್ ಒಣ ಎಂ-ಸ್ಯಾಂಡ್ ನನಗೆ ನಾಲ್ಕೂವರೆ ಟನ್ ತೂಗಿತು. ನಾಲ್ಕು ಯೂನಿಟ್ಟಿಗೆ ಒಣಗಿದ್ದರೂ 18 ಟನ್! ನೆಂದರೆ ಇನ್ನೂ ಜಾಸ್ತಿ. ಇಷ್ಟು ದಿನ ನಾನು ಹೊಡೆದದ್ದೆಲ್ಲ ಓವರ್‌ಲೋಡೇ ಎಂದು ಆವತ್ತು ಗೊತ್ತಾಯಿತು. ಬಾಡಿಯ ಒಳಗೆ ಬಣ್ಣದಲ್ಲಿ ಎರಡು ಗೆರೆ ಎಳೆದೆ. ಮೇಲಿನದು ಒಣ ಮಾಲಿಗೆ, ಕೆಳಗಿನದು ಒದ್ದೆ ಮಾಲಿಗೆ.

ಒಟ್ಟು ತೂಕ ಸರಿ ಇದ್ದರೂ ಸಾಲದು. ಒಮ್ಮೆ 28,200 ಬಂತು, ಖುಷಿಪಟ್ಟೆ. ಆಮೇಲೆ ಮುಂದಿನ ಚಕ್ರ ಮಾತ್ರ ಗಾಡಿ ತೂಗುವ ವೇಬ್ರಿಡ್ಜ್ ಮೇಲೆ ಹತ್ತಿಸಿ ನೋಡಿದರೆ 6,200. ಕಳೆದರೆ ಹಿಂದೆ 22 ಟನ್, ಮಿತಿಗಿಂತ ಒಂದು ಟನ್ ಜಾಸ್ತಿ. ಲೋಡರ್‌ನವರು ಹಿಂದಕ್ಕೇ ಸುರಿದಿದ್ದರು. ಈಗ ಮೊದಲ ಬಕೆಟ್ ಕ್ಯಾಬಿನ್ ಕಡೆಗೇ ಹಾಕಿಸುತ್ತೇನೆ. ಹೀಗೆ ಅರ್ಧ ಹತ್ತಿಸಿ ತೂಗುವಾಗ ವೇಬ್ರಿಡ್ಜ್ ಮತ್ತು ಅದರ ಮುಂದಿನ ನೆಲ ಒಂದೇ ಮಟ್ಟದಲ್ಲಿರಬೇಕು, ಇಲ್ಲದಿದ್ದರೆ ಲೆಕ್ಕ ತಪ್ಪುತ್ತದೆ.

ರಸ್ತೆ ಎಂಜಿನಿಯರುಗಳು ಬಳಸುವ ಒಂದು ಲೆಕ್ಕವಿದೆ. ಆಕ್ಸಲ್ ಮೇಲಿನ ಭಾರ ಶೇ 20 ಹೆಚ್ಚಿದರೆ ರಸ್ತೆಗೆ ಆಗುವ ಪೆಟ್ಟು ಸುಮಾರು ಎರಡು ಪಟ್ಟಾಗುತ್ತದೆ. ಕಿರುಗಾವಲು, ಬನ್ನೂರು ರಸ್ತೆಯಲ್ಲಿ ಸ್ಕೂಲ್ ಮಕ್ಕಳು ಸೈಕಲ್ ತುಳಿಯುವುದನ್ನು ದಿನಾ ನೋಡುತ್ತೇನೆ. ಆ ಗುಂಡಿಗಳಲ್ಲಿ ನನ್ನ ಗಾಡಿಯ ಪಾಲೂ ಇತ್ತಲ್ಲ ಎಂದು ಬೇಜಾರಾಗುತ್ತದೆ.

ಕಡಿಮೆ ತುಂಬಿದರೆ ಬಾಡಿಗೆ ಕಡಿಮೆ, ನಿಜ. ಮೂರು ಗಿರಾಕಿ ಕೈಬಿಟ್ಟರು. ಉಳಿದವರ ಹತ್ತಿರ ಯೂನಿಟ್ ಬಿಟ್ಟು ಟನ್ ಲೆಕ್ಕಕ್ಕೆ ಬಂದಿದ್ದೇನೆ, ಲೋಡಿನ ಜೊತೆ ತೂಕದ ಚೀಟಿ ಕೊಡುತ್ತೇನೆ. ನಿನ್ನೆ ಬೆಳಗ್ಗೆ ಮತ್ತೆ ಜೋರು ಮಳೆ. ಕ್ರಷರ್‌ನಿಂದ ಡ್ರೈವರ್ ಫೋನ್ ಮಾಡಿದ: 'ಅಣ್ಣ, 27,900 ಬಂತು. ಹಿಂದೆ ಇಪ್ಪತ್ತೊಂದು ದಾಟಿಲ್ಲ. ಹೊರಡ್ಲಾ?'