ಕೂತು ಆಡೋ ಆಟ ಅಂತ ನಕ್ಕವನು ನಾನೇ

ಇಪ್ಪತ್ತು ವರ್ಷ ಕಬಡ್ಡಿ ಆಡಿದ್ದೇನೆ. ಈಗ ಕಲಬುರಗಿಯ ಒಂದು ಹೈಸ್ಕೂಲಿನಲ್ಲಿ ಹುಡುಗರಿಗೆ ಅದನ್ನೇ ಕಲಿಸುತ್ತೇನೆ. ಅಕ್ಕನ ಮಗಳು, ಅಂದರೆ ನನ್ನ ಸೊಸಿ, ಚೆಸ್ ಟೂರ್ನಮೆಂಟ್ ಮುಗಿಸಿ ಬಂದು, ಊಟನೂ ಮಾಡದೆ ಮಲಗಿಬಿಟ್ಟರೆ ನನಗೆ ನಗು ಬರುತ್ತಿತ್ತು. "ದಿನಪೂರ್ತಿ ಫ್ಯಾನಿನ ಕೆಳಗ ಕೂತಿದ್ದಿ, ಏನವ್ವಾ ದಣಿವು?" ಅಂತ ಕಾಡಿಸುತ್ತಿದ್ದೆ. ಒಂದು ದಿನ ಅವಳು, "ಮಾಮಾ, ಒಂದ್ಸಲ ನೀನೂ ಹೆಸರು ಕೊಡು. ಆಮ್ಯಾಲ ಮಾತಾಡು" ಅಂದಳು. ಕೊಟ್ಟೆ.

ಸೇಡಂ ರಸ್ತೆ ಕಡೆಯ ಒಂದು ಕಲ್ಯಾಣ ಮಂಟಪ. ಏಪ್ರಿಲ್ ತಿಂಗಳು, ನಮ್ಮೂರ ಬಿಸಿಲು ಗೊತ್ತಲ್ಲ. ಏಳು ಸುತ್ತು, ರ‍್ಯಾಪಿಡ್. ಒಬ್ಬೊಬ್ಬರಿಗೆ 15 ನಿಮಿಷ, ಒಂದೊಂದು ನಡೆಗೆ 10 ಸೆಕೆಂಡ್ ಸೇರುತ್ತದೆ. 60 ನಡೆ ಎಳೆದರೆ ಒಂದೇ ಆಟ 50 ನಿಮಿಷ ಹಿಡಿಯಬಹುದು. ಕಬಡ್ಡಿಯಲ್ಲಿ 20 ನಿಮಿಷದ ಎರಡು ಅವಧಿ, ನಡುವೆ 5 ನಿಮಿಷ ಬಿಡುವು. ಅಂಥ ಏಳು ಪಂದ್ಯ ಒಂದೇ ದಿನ ಆಡು ಅಂದರೆ ನಾನು ಜಗಳಕ್ಕೆ ನಿಲ್ಲುತ್ತಿದ್ದೆ. ವಿಶ್ವ ರ‍್ಯಾಪಿಡ್ ಚಾಂಪಿಯನ್‌ಶಿಪ್‌ನಲ್ಲೇ 13 ಸುತ್ತನ್ನು ಮೂರು ದಿನಕ್ಕೆ ಹಂಚುತ್ತಾರಂತೆ. ಈ ಲೆಕ್ಕ ಮೊದಲೇ ಹಾಕಬೇಕಿತ್ತು.

ಮೊದಲ ಸುತ್ತು ಬೇಗ ಸೋತೆ. ಎರಡನೆಯದು ಗೆದ್ದೆ. ಮೂರನೆಯದೂ ಗೆದ್ದೆ. ಇಷ್ಟೇನಾ ಅನ್ನಿಸಿತು. ಮಧ್ಯಾಹ್ನ ಎರಡು ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹಿಂಡಿ, ಮೇಲೆ ಅನ್ನ ಸಾರು. ಅಲ್ಲೇ ಕೆಟ್ಟಿತು.

ನಾಲ್ಕನೇ ಸುತ್ತಿನಲ್ಲಿ ಕೂಲರ್ ಸದ್ದು ಜೋಗುಳದ ಹಾಗೆ ಕೇಳುತ್ತಿತ್ತು. ಕಣ್ಣು ಬೋರ್ಡಿನ ಮೇಲೆ, ತಲೆ ಎಲ್ಲೋ. ಕುದುರೆ ಹೋಯಿತು. ನಂತರ ಆಟವೂ ಹೋಯಿತು. ಸುತ್ತು ಮುಗಿದಾಗ ಎದೆ ಬಡಿಯುತ್ತಿತ್ತು. ಪಿ.ಇ. ಮೇಷ್ಟ್ರ ಚಾಳಿ, ಕೂತಲ್ಲೇ ನಾಡಿ ಹಿಡಿದೆ. 15 ಸೆಕೆಂಡಿಗೆ 27. ಅಂದರೆ ನಿಮಿಷಕ್ಕೆ 108. ಓಡಿಲ್ಲ, ಹಾರಿಲ್ಲ, ಯಾರನ್ನೂ ಹಿಡಿದು ಕೆಡವಿಲ್ಲ!

ಐದನೇ ಸುತ್ತು ಹತ್ತು ವರ್ಷದ ಹುಡುಗನ ಜೊತೆ. ಅವನ ಕಾಲು ನೆಲಕ್ಕೆ ಮುಟ್ಟುತ್ತಿರಲಿಲ್ಲ. ಒಳ್ಳೆಯ ಸ್ಥಿತಿಯಲ್ಲೇ ಇದ್ದೆ. ಯೋಚನೆ ಮಾಡುತ್ತಾ ಕೈ ತಾನಾಗಿ ಹೋಗಿ ಆನೆಯನ್ನು ಹಿಡಿಯಿತು. ತಕ್ಷಣ ಬಿಟ್ಟೆ. "ಅಂಕಲ್, ಮುಟ್ಟಿದ್ರಿ" ಅಂದ ಹುಡುಗ, ಬಹಳ ಮೆಲ್ಲಗೆ. ಮುಟ್ಟಿದ ಕಾಯಿಯನ್ನೇ ನಡೆಸಬೇಕು, ಅದು ನಿಯಮ. ಆನೆ ಎಲ್ಲಿ ಇಟ್ಟರೂ ಹೋಗುತ್ತಿತ್ತು. ಹೋಯಿತು.

ಕಬಡ್ಡಿಯಲ್ಲಿ ಔಟಾದರೆ ಹೊರಗೆ ಕೂತು ಉಸಿರು ತೆಗೆದುಕೊಳ್ಳಬಹುದು. ಜೊತೆಯವರು ಒಂದು ಪಾಯಿಂಟ್ ತಂದರೆ ಮತ್ತೆ ಒಳಗೆ. ಇಲ್ಲಿ ನನ್ನನ್ನು ಎಬ್ಬಿಸಿ ಒಳಗೆ ತರುವವರು ಯಾರೂ ಇಲ್ಲ. ತಪ್ಪು ನನ್ನದು, ಅದನ್ನು ಎದುರಿಗೆ ಇಟ್ಟುಕೊಂಡು ಇನ್ನೂ ಇಪ್ಪತ್ತು ನಿಮಿಷ ಕೂರಬೇಕು. ನಾಕೌಟ್ ಆಗಿದ್ದರೆ ಸೋತು ಮನೆಗಾದರೂ ಹೋಗಬಹುದಿತ್ತು. ಇದು ಸ್ವಿಸ್ ಪದ್ಧತಿ. ಗೆದ್ದರೆ ಗೆದ್ದವರ ಜೊತೆ, ಸೋತರೆ ಸೋತವರ ಜೊತೆ, ಏಳೂ ಸುತ್ತು ಆಡಲೇಬೇಕು. ಯಾರಿಗೆ ಯಾರು ಎದುರಾಳಿ ಅನ್ನುವ ಹೊಸ ಪೇರಿಂಗ್ ಪಟ್ಟಿ ಗೋಡೆಗೆ ಅಂಟಿಸಿದಾಗಲೆಲ್ಲ ನನ್ನ ಹೆಸರು ಇನ್ನಷ್ಟು ಕೆಳಗೆ. ಆ ಕೆಳಗಿನ ಬೋರ್ಡುಗಳಲ್ಲೂ ಯಾರೂ ಸುಮ್ನೆ ಬಿಟ್ಟುಕೊಡುವುದಿಲ್ಲ. ಏಳಕ್ಕೆ ಎರಡು ಅಂಕ, ನನ್ನ ಕಥೆ ಅಷ್ಟು.

ಅವತ್ತು ರಾತ್ರಿ ನಾನೂ ಊಟ ಮಾಡದೆ ಮಲಗಿದೆ. ಅಕ್ಕ ನಕ್ಕಳು. ಸೊಸಿ ನಗಲಿಲ್ಲ.

ಆಮೇಲೆ ಕಾರ್ಪೋವ್-ಕಾಸ್ಪರೋವ್ ಕಥೆ ಓದಿದೆ. 1984ರಲ್ಲಿ ಮಾಸ್ಕೋದಲ್ಲಿ ಶುರುವಾದ ಅವರ ವಿಶ್ವ ಚಾಂಪಿಯನ್‌ಶಿಪ್ ಐದು ತಿಂಗಳು ನಡೆದು, 48 ಆಟ ಆದರೂ ಮುಗಿಯಲಿಲ್ಲ. 1985ರ ಫೆಬ್ರವರಿಯಲ್ಲಿ ಅಧಿಕಾರಿಗಳೇ ನಿಲ್ಲಿಸಿದರು. ಆಟಗಾರರು ಬಳಲಿದ್ದಾರೆ ಅನ್ನುವುದು ಅವರು ಕೊಟ್ಟ ಕಾರಣ. ಮೊದಲು ಓದಿದ್ದರೆ ನೆಪ ಅನ್ನುತ್ತಿದ್ದೆ.

ಎರಡನೇ ಟೂರ್ನಮೆಂಟಿಗೆ ಪಂದ್ಯಕ್ಕೆ ತಯಾರಾದ ಹಾಗೇ ತಯಾರಾದೆ. ಹಿಂದಿನ ವಾರವಿಡೀ ಹತ್ತಕ್ಕೆ ನಿದ್ದೆ. ಮಧ್ಯಾಹ್ನ ರೊಟ್ಟಿ ಇಲ್ಲ, ಸ್ವಲ್ಪ ಸುಸ್ಲಾ, ಮಜ್ಜಿಗೆ, ಆಮೇಲೆ ಸುತ್ತಿಗೊಂದು ಅರ್ಧ ಬಾಳೆಹಣ್ಣು. ನೀರು ಗುಟುಕು ಗುಟುಕಾಗಿ. ಯೋಚಿಸುವಾಗ ಎರಡೂ ಕೈ ತೊಡೆಯ ಕೆಳಗೆ, ಇದು ಸೊಸಿ ಹೇಳಿಕೊಟ್ಟದ್ದು. ಸೋತ ಆಟವನ್ನು ಅಲ್ಲೇ ಮೊಬೈಲಿನಲ್ಲಿ ಹಾಕಿ ನೋಡುವುದನ್ನು ಬಿಟ್ಟೆ. ಅದು ನೋವು ಹೆಚ್ಚಿಸುತ್ತದೆ ಬಿಟ್ಟರೆ ಮುಂದಿನ ಸುತ್ತಿಗೆ ಏನೂ ಕೊಡುವುದಿಲ್ಲ. ಬದಲಿಗೆ ಹೊರಗೆ ಬೇವಿನ ಮರದ ನೆರಳಲ್ಲಿ ಐದು ನಿಮಿಷ ಅಡ್ಡಾಡಿ ಬರುತ್ತಿದ್ದೆ. ಮೂರೂವರೆ ಅಂಕ ಬಂತು. ಆ ಅರ್ಧ ಅಂಕಕ್ಕೆ ಕೊನೆಯ ಸುತ್ತಿನಲ್ಲಿ ಗಡಿಯಾರದಲ್ಲಿ ಏಳೆಂಟು ಸೆಕೆಂಡ್ ಇಟ್ಟುಕೊಂಡು, ಸೇರುವ ಹತ್ತತ್ತು ಸೆಕೆಂಡಿನಲ್ಲೇ ಬದುಕಿ ಡ್ರಾ ಮಾಡಿಕೊಂಡೆ. ರೇಡಿಗೆ 30 ಸೆಕೆಂಡ್ ಸಾಲಲ್ಲ ಅನ್ನುವ ನಮ್ಮ ಹುಡುಗರನ್ನು ಅಲ್ಲಿ ಕೂರಿಸಬೇಕಿತ್ತು.

ವಾಪಸ್ ಬರುವಾಗ ಸೂಪರ್ ಮಾರ್ಕೆಟ್ ಹತ್ತಿರ ಮಿರ್ಚಿ ಭಜಿಗೆ ನಿಂತೆವು. ಅವಳಿಗೆ ಐದು ಅಂಕ ಬಂದಿತ್ತು, ನನಗೆ ಭಜಿ ಕೊಡಿಸಿದ್ದೂ ಅವಳೇ. "ಮುಂದಿನ ಸಲ ಇಬ್ರಿಗೂ ಪೇರ್ ಬಿದ್ರ ಏನು ಮಾಡ್ತಿ ಮಾಮಾ?" ಅಂದಳು. ಬಾಯಿ ತುಂಬ ಭಜಿ ಇತ್ತು, ಉತ್ತರ ಕೊಡುವ ಕಷ್ಟ ತಪ್ಪಿತು.