ಬೆಳಗ್ಗೆ ಬೆರಳು ಬಿಗಿಯುತ್ತಿವೆಯಾ? ಮೊದಲ ಮೂರು ತಿಂಗಳು ಏನು ಮಾಡಬೇಕು

ಬೆಳಗ್ಗೆ ಎದ್ದರೆ ಮುಷ್ಟಿ ಕಟ್ಟಲು ಆಗುವುದಿಲ್ಲ, ಕೈ ಸಡಿಲವಾಗಲು ಅರ್ಧ ಗಂಟೆಗಿಂತ ಜಾಸ್ತಿ ಹಿಡಿಯುತ್ತದೆ, ಗೆಣ್ಣು ಊದಿಕೊಂಡಿದೆ. ಹೀಗಿದ್ದರೆ ವಯಸ್ಸಾಯ್ತು, ಕೆಲಸ ಜಾಸ್ತಿಯಾಯ್ತು ಅಂತ ಸುಮ್ನೆ ಕೂರಬೇಡಿ. ಇದು ರುಮಟಾಯ್ಡ್ ಆರ್ಥ್ರೈಟಿಸ್ ಅನ್ನುವ ಕೀಲಿನ ಕಾಯಿಲೆಯ ಶುರು ಇರಬಹುದು.

ಮೊದಲು ಕೈಕಾಲು ನೋಡಿಕೊಳ್ಳಿ. ಈ ಕಾಯಿಲೆ ಸಾಮಾನ್ಯವಾಗಿ ಬೆರಳಿನ ಬುಡದ ಮತ್ತು ನಡುವಿನ ಗೆಣ್ಣು, ಮಣಿಕಟ್ಟು, ಕಾಲ್ಬೆರಳಿನ ಬುಡ ಇಂಥ ಚಿಕ್ಕ ಕೀಲುಗಳನ್ನು ಹಿಡಿಯುತ್ತದೆ, ಅದೂ ಹೆಚ್ಚಾಗಿ ಎರಡೂ ಕಡೆ. ನಾಲ್ಕೂ ಬೆರಳಿನ ಬುಡವನ್ನು ಇನ್ನೊಂದು ಕೈಯಿಂದ ಅಡ್ಡಕ್ಕೆ ಮೆಲ್ಲಗೆ ಹಿಂಡಿ ನೋಡಿ. ನೋವಾದರೆ ವೈದ್ಯರಿಗೆ ಹೇಳಿ. ಊತ ಇರುವಾಗಲೇ ಫೋನಿನಲ್ಲಿ ಫೋಟೋ ತೆಗೆದಿಡಿ, ಯಾಕೆಂದರೆ ಅಪಾಯಿಂಟ್‌ಮೆಂಟ್ ದಿನ ಅದು ಇಳಿದಿರಬಹುದು.

ಇಷ್ಟು ಅವಸರ ಯಾಕೆ? ನಮ್ಮ ರೋಗನಿರೋಧಕ ಶಕ್ತಿಯೇ ಕೀಲಿನ ಒಳಪೊರೆಯ ಮೇಲೆ ದಾಳಿ ಮಾಡುತ್ತದೆ, ಪೊರೆ ಊದಿ ದಪ್ಪವಾಗುತ್ತದೆ, ಆಮೇಲೆ ಪಕ್ಕದ ಮೆದು ಎಲುಬನ್ನೂ ಮೂಳೆಯ ಅಂಚನ್ನೂ ತಿನ್ನುತ್ತಾ ಹೋಗುತ್ತದೆ. ಊತವನ್ನು ಇಳಿಸಬಹುದು. ತಿಂದುಹೋದ ಮೂಳೆಯನ್ನು ಮೊದಲಿನಂತೆ ಮಾಡಲು ಆಗುವುದಿಲ್ಲ. ಚಿಕಿತ್ಸೆ ಇಲ್ಲದಿದ್ದರೆ ಮೊದಲ ಒಂದೆರಡು ವರ್ಷದಲ್ಲೇ ಈ ಹಾನಿ ಕಾಣಿಸಿಕೊಳ್ಳಬಹುದು. ನೋವಿನ ಮಾತ್ರೆ ನುಂಗಿದರೆ ಆರಾಮ ಅನಿಸುತ್ತದೆ, ಒಳಗಿನ ಸವೆತ ಮಾತ್ರ ನಿಲ್ಲುವುದಿಲ್ಲ. ನನ್ನ ಪ್ರಕಾರ ಜನ ಸಮಯ ಕಳೆದುಕೊಳ್ಳುವುದು ಇಲ್ಲೇ.

ಊತ ಶುರುವಾದ 6 ವಾರದೊಳಗೆ ರುಮಟಾಲಜಿಸ್ಟ್ (ಕೀಲಿನ ಕಾಯಿಲೆಗಳ ತಜ್ಞರು) ನೋಡಬೇಕು, ಊತ ಹಾಗೇ ಉಳಿಯುವ ಅಪಾಯ ಇರುವವರಿಗೆ 3 ತಿಂಗಳೊಳಗೆ ಕಾಯಿಲೆಯನ್ನೇ ತಡೆಯುವ ಔಷಧಿ ಶುರುವಾಗಬೇಕು ಎನ್ನುವುದು ಯುರೋಪಿನ ತಜ್ಞರ ಸಂಘ ಯೂಲಾರ್‌ನ ಸಲಹೆ. ರಕ್ತದಲ್ಲಿ ಈ ಕಾಯಿಲೆಯ ಸುಳಿವು ಕೊಡುವ ಆರ್‌ಎಫ್, ಆಂಟಿ ಸಿಸಿಪಿ, ಮೈಯಲ್ಲಿ ಉರಿಯೂತ ಎಷ್ಟಿದೆ ಅಂತ ತೋರಿಸುವ ಇಎಸ್‌ಆರ್, ಸಿಆರ್‌ಪಿ ನೋಡುತ್ತಾರೆ. ಆರ್‌ಎಫ್ ನೆಗೆಟಿವ್ ಬಂತು, ಎಕ್ಸ್‌ರೇ ಚೆನ್ನಾಗಿದೆ ಅಂದಮಾತ್ರಕ್ಕೆ ಕಾಯಿಲೆ ಇಲ್ಲ ಅಂತ ಅಲ್ಲ. ಶುರುವಿನಲ್ಲಿ ಎಕ್ಸ್‌ರೇ ಸರಿಯಾಗಿಯೇ ಇರಬಹುದು, ಅಲ್ಟ್ರಾಸೌಂಡ್‌ನಲ್ಲಿ ಒಳಗಿನ ಊತ ಕಾಣಬಹುದು. ಊತ ಹಾಗೇ ಇದ್ದರೆ ಅಲ್ಟ್ರಾಸೌಂಡ್ ಮಾಡಿಸಬೇಕಾ ಅಂತ ಕೇಳಿ, ಸಂಕೋಚ ಬೇಡ.

ಕಾಯಿಲೆ ಖಚಿತವಾದರೆ ಹೆಚ್ಚಿನವರಿಗೆ ಮೊದಲು ಕೊಡುವುದು ಮೆಥೊಟ್ರೆಕ್ಸೇಟ್, ರೋಗನಿರೋಧಕ ಶಕ್ತಿಯ ಈ ದಾಳಿಯನ್ನು ತಗ್ಗಿಸುವ ಔಷಧಿ. ಇದನ್ನು ವಾರಕ್ಕೆ ಒಂದೇ ದಿನ ತೆಗೆದುಕೊಳ್ಳಬೇಕು. ದಿನಾ ನುಂಗಿದರೆ ಪ್ರಾಣಕ್ಕೇ ಅಪಾಯ, ಹಾಗಾಗಿ ವಾರದ ಯಾವ ದಿನ (ಸೋಮವಾರವೋ, ಮಂಗಳವಾರವೋ) ಅಂತ ಚೀಟಿಯ ಮೇಲೆ ದೊಡ್ಡದಾಗಿ ಬರೆಸಿಕೊಳ್ಳಿ, ಮನೆಯವರಿಗೂ ಹೇಳಿಡಿ. ಜೊತೆಗೆ ಫೋಲಿಕ್ ಆಸಿಡ್ ಕೊಡುತ್ತಾರೆ, ಲಿವರ್ ಮತ್ತು ರಕ್ತಕಣಗಳ ಪರೀಕ್ಷೆ ಆಗಾಗ ಮಾಡಿಸುತ್ತಾರೆ. ಗರ್ಭಿಣಿಯರಿಗೆ ಇದು ಆಗಬರುವುದಿಲ್ಲ, ಮಗು ಬೇಕು ಅಂದುಕೊಂಡಿದ್ದರೆ ಮೊದಲೇ ಹೇಳಿ. ಗುಣ ಕಾಣಲು 6ರಿಂದ 12 ವಾರ ಬೇಕು. ಅಲ್ಲಿಯವರೆಗೆ ಸ್ವಲ್ಪ ದಿನ ಸ್ಟೆರಾಯ್ಡ್ ಕೊಡಬಹುದು.

ಸಿಗರೇಟು ಸೇದುತ್ತಿದ್ದರೆ ಬಿಡಿ, ಅದು ಈ ಕಾಯಿಲೆಯನ್ನು ಜೋರು ಮಾಡುತ್ತದೆ.

ಕಾಯಿಲೆ ಜೋರಾಗಿರುವಾಗ 1ರಿಂದ 3 ತಿಂಗಳಿಗೊಮ್ಮೆ ತೋರಿಸಿ. 3 ತಿಂಗಳಾದರೂ ಸುಧಾರಿಸದಿದ್ದರೆ, ಅಥವಾ 6 ತಿಂಗಳಿಗೂ ಊತ ಹತೋಟಿಗೆ ಬರದಿದ್ದರೆ ಔಷಧಿ ಬದಲಿಸುವ ಬಗ್ಗೆ ನೀವೇ ಮಾತು ತೆಗೆಯಿರಿ. ನೋವು ಹೋಯಿತು ಅಂತ ನಿಮ್ಮಷ್ಟಕ್ಕೆ ನಿಲ್ಲಿಸಬೇಡಿ. ಮಧ್ಯೆ ಜ್ವರ, ಬಾಯಿಹುಣ್ಣು, ಒಣಕೆಮ್ಮು, ಉಸಿರು ಕಟ್ಟಿದಂತಾಗುವುದು ಬಂದರೆ ಮುಂದಿನ ತಾರೀಖಿಗೆ ಕಾಯದೆ ಅದೇ ದಿನ ವೈದ್ಯರಿಗೆ ಫೋನ್ ಮಾಡಿ.