ರ‍್ಯಾಮ್ ಹಾಕಿದ ಮೇಲೆ ಕಂಪ್ಯೂಟರ್ ಕೈಕೊಡುತ್ತಿದೆಯೇ?

8 ಜಿಬಿ ಸಾಲದೆಂದು ಇನ್ನೊಂದು 8 ಜಿಬಿ ಸ್ಟಿಕ್ ತಂದು ಹಾಕಿದ್ದಾಯಿತು. ಮೊದಲ ದಿನ ಎಲ್ಲವೂ ಸರಾಗ. ಆಮೇಲೆ ಬ್ರೌಸರ್ ಟ್ಯಾಬ್‌ಗಳು ತಾವಾಗಿಯೇ ಕುಸಿಯತೊಡಗುತ್ತವೆ, ಜಿಪ್ ಫೈಲ್ ಬಿಚ್ಚಿದರೆ ಎರರ್, ಕೊನೆಗೆ ‘ಮೆಮೊರಿ ಮ್ಯಾನೇಜ್‌ಮೆಂಟ್’ ಎಂದು ಬರೆದ ನೀಲಿ ಪರದೆ. ಈ ಹೊತ್ತಿನಲ್ಲಿ ಹೆಚ್ಚಿನವರು ಕೈ ಹಾಕುವುದು ವಿಂಡೋಸ್ ಮರುಸ್ಥಾಪನೆಗೆ. ಅದೊಂದನ್ನು ಈಗ ಮಾಡಬೇಡಿ. ಮೆಮೊರಿಯೇ ತಪ್ಪು ಲೆಕ್ಕ ಕೊಡುತ್ತಿರುವಾಗ ಹೊಸದಾಗಿ ಬರೆದ ಫೈಲುಗಳೂ ಕೆಟ್ಟೇ ಕೂರುತ್ತವೆ. ಹೊಸ ಸ್ಟಿಕ್ ಹಾಳೆಂದು ತಕ್ಷಣ ಅಂಗಡಿಗೆ ಓಡುವುದೂ ಬೇಡ. ಎಷ್ಟೋ ಸಲ ಎರಡೂ ಸ್ಟಿಕ್ ಚೆನ್ನಾಗಿಯೇ ಇರುತ್ತವೆ, ಜೋಡಿ ಮಾತ್ರ ಹೊಂದಿರುವುದಿಲ್ಲ.

ಇಲ್ಲಿ ಹೇಳುತ್ತಿರುವುದು ಇಂದಿಗೂ ಎಷ್ಟೋ ಮನೆಗಳಲ್ಲಿರುವ ಡಿಡಿಆರ್4 (ನಾಲ್ಕನೆಯ ಪೀಳಿಗೆಯ ಮೆಮೊರಿ) ಡೆಸ್ಕ್‌ಟಾಪ್ ಬಗ್ಗೆ. ಡಿಡಿಆರ್5ರಲ್ಲಿ ಬೇರೆಯಾಗುವ ಸಂಗತಿಗಳನ್ನು ಆಮೇಲೆ ನೋಡೋಣ.

ಕೈ ಹಾಕುವ ಮುನ್ನ

ಹೊಸ ಸ್ಟಿಕ್ ತೆಗೆದಿಟ್ಟು, ಹಳೆಯದರಲ್ಲೇ ಕಂಪ್ಯೂಟರ್ ಆನ್ ಮಾಡಿ ಮುಖ್ಯ ಫೈಲುಗಳ ನಕಲು ಮಾಡಿಕೊಳ್ಳಿ. ಕೆಟ್ಟ ಮೆಮೊರಿ ಇದ್ದಾಗಲೇ ನಕಲು ತೆಗೆದರೆ ನಕಲೂ ಕೆಡಬಹುದು. ಡಿಸ್ಕ್‌ಗೆ ಬೀಗ ಹಾಕುವ ವಿಂಡೋಸ್‌ನ ಬಿಟ್‌ಲಾಕರ್ ಚಾಲೂ ಇದ್ದರೆ ಅದರ 48 ಅಂಕಿಗಳ ರಿಕವರಿ ಕೀ ಬರೆದಿಟ್ಟುಕೊಳ್ಳಿ. ಬಯಾಸ್ (ವಿಂಡೋಸ್‌ಗೂ ಮೊದಲು ಓಡುವ ಮದರ್‌ಬೋರ್ಡ್‌ನ ತಂತ್ರಾಂಶ) ಸೆಟ್ಟಿಂಗ್ ಬದಲಾದಾಗ ಕಂಪ್ಯೂಟರ್ ಅದನ್ನು ಕೇಳುವುದುಂಟು; ಆಗ ಹುಡುಕಾಡಿದರೆ ಸಿಗುವುದಿಲ್ಲ.

ಎಕ್ಸ್‌ಎಂಪಿ ಆಫ್ ಮಾಡಿ ನೋಡಿ

ಮೊದಲ ಪರೀಕ್ಷೆಗೆ ಸ್ಕ್ರೂಡ್ರೈವರ್ ಬೇಕಿಲ್ಲ. ಎರಡೂ ಸ್ಟಿಕ್ ಹಾಕಿಕೊಂಡು, ಆನ್ ಆಗುವಾಗ ಡಿಲೀಟ್ ಅಥವಾ ಎಫ್2 ಒತ್ತಿ ಬಯಾಸ್‌ಗೆ ಹೋಗಿ. ಅಲ್ಲಿ ಎಕ್ಸ್‌ಎಂಪಿ (ತಯಾರಕರು ಸ್ಟಿಕ್‌ನಲ್ಲೇ ಬರೆದಿಟ್ಟ ಹೆಚ್ಚಿನ ವೇಗದ ಪ್ರೊಫೈಲ್; ಕೆಲವು ಮದರ್‌ಬೋರ್ಡ್‌ಗಳಲ್ಲಿ ಇದರ ಹೆಸರು ಡಿಒಸಿಪಿ) ಆನ್ ಇದ್ದರೆ ಆಫ್ ಮಾಡಿ, ಒಂದೆರಡು ದಿನ ಬಳಸಿ ನೋಡಿ.

ಕಾರಣ ಸರಳ. ಡಿಡಿಆರ್4ರ ಪ್ರಮಾಣಿತ ವೋಲ್ಟೇಜ್ 1.2. ಪೆಟ್ಟಿಗೆಯ ಮೇಲೆ ದಪ್ಪಕ್ಷರದಲ್ಲಿ 3200 ಸಿಎಲ್16 (ಮೊದಲನೆಯದು ವೇಗ, ಎರಡನೆಯದು ಉತ್ತರಕ್ಕೆ ಹಿಡಿಯುವ ಮಿಡಿತಗಳ ಲೆಕ್ಕ) ಎಂದಿರುವ ಸ್ಟಿಕ್ ಸಾಮಾನ್ಯವಾಗಿ ಆ ವೇಗ ಮುಟ್ಟುವುದು 1.35 ವೋಲ್ಟ್‌ನಲ್ಲಿ, ಅದೂ ಎಕ್ಸ್‌ಎಂಪಿ ಹಾಕಿದಾಗ. ಪಕ್ಕದಲ್ಲಿ 2666ರ ಹಳೆಯ ಸ್ಟಿಕ್ ಇದ್ದರೆ, ಹೊಸದರ ಪ್ರೊಫೈಲ್ ಅದನ್ನೂ 3200ಕ್ಕೆ ಎಳೆದೊಯ್ಯುತ್ತದೆ. ಹಳೆಯದು ಸ್ವಲ್ಪ ದೂರ ಓಡಿ ಮುಗ್ಗರಿಸುತ್ತದೆ. ಎಕ್ಸ್‌ಎಂಪಿ ಇಲ್ಲದಿದ್ದರೆ ಬೋರ್ಡ್ ಇಬ್ಬರಿಗೂ ಒಗ್ಗುವ ವೇಗಕ್ಕೆ, ಅಂದರೆ 2666ಕ್ಕೋ ಅದಕ್ಕೂ ಕೆಳಕ್ಕೋ ಇಳಿಯುತ್ತದೆ. ಅಲ್ಲಿ ತೊಂದರೆ ನಿಂತರೆ ಹಾಗೇ ಬಿಡಿ. ಕಚೇರಿ ಕೆಲಸಕ್ಕೂ ಸಿನಿಮಾ ನೋಡುವುದಕ್ಕೂ ಆ ವ್ಯತ್ಯಾಸ ಗೊತ್ತೇ ಆಗುವುದಿಲ್ಲ.

ಅಂದಹಾಗೆ, ಸಿಪಿಯು-ಝಡ್ ತಂತ್ರಾಂಶದಲ್ಲಿ 1600 ಎಂದು ಕಂಡರೆ ಗಾಬರಿ ಬೇಡ. ಡಿಡಿಆರ್ ಒಂದು ಮಿಡಿತಕ್ಕೆ ಎರಡು ಸಲ ಡೇಟಾ ಸಾಗಿಸುತ್ತದೆ, ಅಲ್ಲಿನ 1600 ಎಂದರೆ 3200.

ಕೂರಿಸಿದ್ದು ಸರಿಯಿದೆಯೇ?

ಪ್ಲಗ್ ಕಿತ್ತು, ಪವರ್ ಬಟನ್ ಹತ್ತು ಸೆಕೆಂಡ್ ಒತ್ತಿ ಹಿಡಿದು ಉಳಿದ ವಿದ್ಯುತ್ ಬರಿದು ಮಾಡಿ. ಕ್ಯಾಬಿನೆಟ್‌ನ ಬಣ್ಣವಿಲ್ಲದ ಲೋಹ ಮುಟ್ಟಿ, ಆಮೇಲೆ ಸ್ಟಿಕ್ ಹಿಡಿಯಿರಿ. ನಾಲ್ಕು ಸ್ಲಾಟ್‌ಗಳ ಬೋರ್ಡ್‌ನಲ್ಲಿ ಎರಡೇ ಸ್ಟಿಕ್ ಇದ್ದರೆ ಅವು ಸಾಮಾನ್ಯವಾಗಿ ಪ್ರೊಸೆಸರ್ ಕಡೆಯಿಂದ ಎರಡನೆಯ ಮತ್ತು ನಾಲ್ಕನೆಯ ಸ್ಲಾಟ್‌ನಲ್ಲಿರಬೇಕು (ಎ2, ಬಿ2). ಅಕ್ಕಪಕ್ಕ ಹಾಕುವುದು ಬಹಳ ಮಂದಿ ಮಾಡುವ ತಪ್ಪು.

ಒಂದು ಕಡೆಗೆ ಮಾತ್ರ ಕೊಂಡಿ ಇರುವ ಬೋರ್ಡ್‌ಗಳಲ್ಲಿ ಇನ್ನೊಂದು ಮೋಸ ನಡೆಯುತ್ತದೆ. ಕೊಂಡಿಯ ಕಡೆ ‘ಟಿಕ್’ ಎನ್ನುತ್ತದೆ, ಕೆಲಸ ಮುಗಿಯಿತೆಂದು ಕೈ ತೆಗೆಯುತ್ತೇವೆ, ಕೊಂಡಿಯಿಲ್ಲದ ತುದಿ ಕೂದಲೆಳೆಯಷ್ಟು ಮೇಲೆದ್ದಿರುತ್ತದೆ. ಬೆಳಕು ಹಾಯಿಸಿ ಪಕ್ಕದಿಂದ ನೋಡಿ: ಚಿನ್ನದ ಬಣ್ಣದ ಪಟ್ಟಿ ಒಂದು ತುದಿಯಲ್ಲಿ ಹೆಚ್ಚು ಕಂಡರೆ ಆ ತುದಿಯನ್ನು ಹೆಬ್ಬೆರಳಿನಿಂದ ನೇರ ಕೆಳಗೆ ಒತ್ತಿ. 288 ಪಿನ್‌ಗಳಲ್ಲಿ ಒಂದೆರಡು ಅರೆಬರೆ ತಾಗಿದರೂ ಕಂಪ್ಯೂಟರ್ ಆನ್ ಆಗಬಹುದು, ಬಿಸಿಯೇರಿದಾಗ ಕೈಕೊಡಬಹುದು.

ಪಿನ್ ಮಂಕಾಗಿದ್ದರೆ ಪೆನ್ಸಿಲ್ ರಬ್ಬರ್‌ನಿಂದ ಉಜ್ಜುವುದು ನಮ್ಮ ರಿಪೇರಿ ಅಂಗಡಿಗಳ ಹಳೆಯ ಅಭ್ಯಾಸ. ಕೆಲಸ ಆಗುತ್ತದೆ ನಿಜ, ಆದರೆ ತೆಳ್ಳನೆಯ ಚಿನ್ನದ ಲೇಪ ಸವೆಯುತ್ತದೆ, ರಬ್ಬರ್ ಪುಡಿ ಸ್ಲಾಟ್‌ಗೆ ಇಳಿಯುತ್ತದೆ. ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಅದ್ದಿದ, ನೂಲು ಬಿಡದ ಬಟ್ಟೆಯೇ ವಾಸಿ.

ಒಂದೊಂದಾಗಿ ಪರೀಕ್ಷೆ

ಇಷ್ಟಕ್ಕೂ ಬಗ್ಗದಿದ್ದರೆ ಮೆಮ್‌ಟೆಸ್ಟ್86+ ಎಂಬ ಉಚಿತ ತಂತ್ರಾಂಶವನ್ನು ಪೆನ್‌ಡ್ರೈವ್‌ಗೆ ಬರೆದು ಅದರಿಂದಲೇ ಬೂಟ್ ಮಾಡಿ. ಪೆನ್‌ಡ್ರೈವ್‌ನಲ್ಲಿದ್ದದ್ದು ಅಳಿಸಿಹೋಗುತ್ತದೆ. ಬೂಟ್ ಆಗದಿದ್ದರೆ ಬಯಾಸ್‌ನಲ್ಲಿ ಸೆಕ್ಯೂರ್ ಬೂಟ್ ತಾತ್ಕಾಲಿಕವಾಗಿ ಆಫ್ ಮಾಡಬೇಕಾದೀತು. ರಾತ್ರಿ ಹಚ್ಚಿಟ್ಟು ಬೆಳಿಗ್ಗೆ ನೋಡಿ, ನಾಲ್ಕು ಸುತ್ತಾದರೂ ಮುಗಿಯಲಿ. ಒಂದೇ ಒಂದು ಎರರ್ ಬಂದರೂ ಅದು ಫೇಲ್. ‘ಒಂದು ತಾನೇ’ ಎಂಬ ರಿಯಾಯಿತಿ ಇಲ್ಲಿಲ್ಲ.

ಮೊದಲು ಹೊಸ ಸ್ಟಿಕ್ ಒಂದನ್ನೇ ಎ2ನಲ್ಲಿ ಹಾಕಿ, ಎಕ್ಸ್‌ಎಂಪಿ ಇಲ್ಲದೆ ಓಡಿಸಿ. ಆಮೇಲೆ ಹಳೆಯದನ್ನು ಅದೇ ಸ್ಲಾಟ್‌ನಲ್ಲಿ. ಎರಡೂ ಪಾಸಾದರೆ ಬಿ2ನಲ್ಲೂ ಹೀಗೇ ಒಂದೊಂದಾಗಿ, ಕೊನೆಗೆ ಎರಡನ್ನೂ ಜೊತೆಗಿಟ್ಟು ಓಡಿಸಿ. ಒಂದು ಪಾಸಾಗಿ ಇನ್ನೊಂದು ಫೇಲಾದರೆ ಕಳ್ಳ ಸಿಕ್ಕ, ವಾರಂಟಿ ಇದ್ದರೆ ಬದಲಿಸಿಕೊಳ್ಳಿ. ಎರಡೂ ಎ2ನಲ್ಲಿ ಪಾಸಾಗಿ ಬಿ2ನಲ್ಲಿ ಫೇಲಾದರೆ ದೋಷ ಸ್ಲಾಟ್‌ನಲ್ಲಿ, ಇಲ್ಲವೇ ಪ್ರೊಸೆಸರ್ ಸಾಕೆಟ್‌ನಲ್ಲಿ ಬಾಗಿದ ಪಿನ್‌ನಲ್ಲಿರಬಹುದು. ಒಂಟಿಯಾಗಿ ಎರಡೂ ಪಾಸು, ಜೊತೆಗಿಟ್ಟರೆ ಫೇಲು ಎಂದಾದರೆ ಅದೇ ಹೊಂದಾಣಿಕೆಯ ಜಗಳ. ವೇಗವನ್ನು ಕೈಯಾರೆ 2400ಕ್ಕೆ ಇಳಿಸಿ ನೋಡಬಹುದು. ಬಯಾಸ್ ಹಳೆಯದಾಗಿದ್ದರೆ ಬೋರ್ಡ್ ತಯಾರಕರ ಹೊಸ ಆವೃತ್ತಿ ಹಾಕಿ, ಆದರೆ ಆ ಕೆಲಸ ಒಂದೇ ಒಂದು ನಂಬಿಕಸ್ಥ ಸ್ಟಿಕ್ ಇಟ್ಟುಕೊಂಡು ಮಾಡಿ.

ಬದಲಿ ತರುವಾಗ ಹಳೆಯ ಸ್ಟಿಕ್‌ನ ಲೇಬಲ್ ಫೋಟೊ ಒಯ್ಯಿರಿ. ‘1ಆರ್‌ಎಕ್ಸ್8 ಪಿಸಿ4-2666ವಿ’ ಎಂದಿದ್ದರೆ ಮೊದಲ ಅಂಕಿ ಚಿಪ್‌ಗಳ ಗುಂಪು ಎಷ್ಟೆಂದು ಹೇಳುವ ರ‍್ಯಾಂಕ್, ಎಕ್ಸ್ ನಂತರದ್ದು ಚಿಪ್‌ನ ಅಗಲ, ಕೊನೆಯದು ವೇಗ. ಮೂರೂ ಒಂದೇ ಇದ್ದರೆ ಜಗಳದ ಸಾಧ್ಯತೆ ಕಡಿಮೆ. ನಿಶ್ಚಿಂತೆ ಬೇಕೆಂದರೆ ಹಳೆಯದನ್ನು ಮಾರಿ ಒಂದೇ ಪೆಟ್ಟಿಗೆಯ ಜೋಡಿ ಕೊಳ್ಳಿ.

ಡಿಡಿಆರ್5 ಇದ್ದವರಿಗೆ

ಸ್ಟಿಕ್ ಬದಲಿಸಿದ ಮೇಲೆ ಮೊದಲ ಸಲ ಪರದೆ ಹಲವು ನಿಮಿಷ ಕಪ್ಪಾಗಿರುತ್ತದೆ. ಬೋರ್ಡ್ ಮೆಮೊರಿಯನ್ನು ಪಳಗಿಸುತ್ತಿರುತ್ತದೆ, ನಡುವೆ ಪವರ್ ತೆಗೆಯಬೇಡಿ. ಎರಡಿದ್ದದ್ದನ್ನು ನಾಲ್ಕು ಮಾಡಿದವರಿಗೆ ಇನ್ನೊಂದು ಮಾತು: ರೈಜನ್ 7000 ಸರಣಿಗೆ ಎಎಂಡಿ ಅಧಿಕೃತವಾಗಿ ಹೇಳುವುದು ಎರಡು ಸ್ಟಿಕ್‌ಗೆ 5200, ನಾಲ್ಕಕ್ಕೆ ಬರೀ 3600. ನಾಲ್ಕು ಸ್ಟಿಕ್ ಹಾಕಿ 6000ದಲ್ಲಿ ಓಡಲಿಲ್ಲವೆಂದು ಯಾವ ಭಾಗವನ್ನೂ ದೂರುವಂತಿಲ್ಲ. 16 ಜಿಬಿಯ ನಾಲ್ಕರ ಬದಲು 32 ಜಿಬಿಯ ಎರಡು ತಂದರೆ ಈ ತಲೆನೋವೇ ಇಲ್ಲ.

ಮೆಮೊರಿ ಪಾಸಾದ ಮೇಲೆ ಮಾತ್ರ ವಿಂಡೋಸ್ ಕಡೆ ನೋಡಿ. ಕಮಾಂಡ್ ಪ್ರಾಂಪ್ಟ್ ಅನ್ನು ಅಡ್ಮಿನಿಸ್ಟ್ರೇಟರ್ ಆಗಿ ತೆರೆದು ಎಸ್‌ಎಫ್‌ಸಿ ಸ್ಕ್ಯಾನ್ (sfc /scannow ಎಂಬ ಆದೇಶ) ಓಡಿಸಿದರೆ ಕೆಟ್ಟ ಸಿಸ್ಟಂ ಫೈಲುಗಳು ಸರಿಯಾಗುತ್ತವೆ. ನಿಮ್ಮ ಸ್ವಂತ ಫೈಲುಗಳಿಗೆ ಅಂಥ ಮದ್ದಿಲ್ಲ. ಆ ಕೆಟ್ಟ ದಿನಗಳಲ್ಲಿ ಉಳಿಸಿದ ಲೆಕ್ಕಪತ್ರ, ಫೋಟೊಗಳನ್ನು ಒಂದೊಂದಾಗಿ ತೆರೆದೇ ನೋಡಬೇಕು.